ಮೀನಖಂಡದ ಮೀನು: ಅದುರುವ ದೇಹವನ್ನು ಓದುವ ಬಗೆ

ನಮ್ಮೂರು ಗಳಗನಾಥದಲ್ಲಿ ವರದಾ ನದಿ ತುಂಗಭದ್ರೆಯನ್ನು ಸೇರುತ್ತದೆ. ಸಂಗಮದ ದಂಡೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿಯಿದೆ. ಎರಡು ವರ್ಷದ ಹಿಂದೆ ಯುಗಾದಿಗೆ ಊರಿಗೆ ಹೋದವನು ಸಂಜೆ ಆ ಗುಡಿಯ ಕಲ್ಲಿನ ಮೇಲೆ ಕೂತಿದ್ದೆ. ಎಡಗಾಲಿನ ಮೀನಖಂಡ ಅದುರಿತು. ಚರ್ಮದ ಕೆಳಗೆ ಏನೋ ಮಿಸುಕಾಡಿ ಸುಮ್ಮನಾಯಿತು. ಮತ್ತೆ ಅದುರಿತು. ಪಂಚೆ ಸರಿಸಿ ನೋಡಿದರೆ ಕಣ್ಣಿಗೂ ಕಾಣುತ್ತಿತ್ತು. ಕಾಲಿನ ಆ ಭಾಗಕ್ಕೆ ಮೀನಿನ ಹೆಸರಿಟ್ಟವರು ಯಾರೋ ತಿಳಿಯದು, ಅವತ್ತು ಮಾತ್ರ ಅದು ಸರಿಯಾದ ಹೆಸರು ಅನ್ನಿಸಿತು.

ಇನ್ನೊಬ್ಬರಾಗಿದ್ದರೆ ಕಾಲು ಝಾಡಿಸಿ ಎದ್ದು ಹೋಗುತ್ತಿದ್ದರು. ನಾನು ಹಾಗೆ ಮಾಡಲಿಲ್ಲ. ಬ್ಯಾಡಗಿಯಲ್ಲಿದ್ದ ನನ್ನ ಸೋದರಮಾವ ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ತೀರಿಕೊಂಡಿದ್ದರು. ಎಎಲ್‌ಎಸ್ ಎಂಬ ಮೂರು ಅಕ್ಷರ ನಮ್ಮ ಮನೆಯೊಳಗೆ ಬಂದು ಹೋಗಿತ್ತು. ಅವತ್ತು ರಾತ್ರಿ ಮೊಬೈಲಿನಲ್ಲಿ ಸ್ನಾಯು ಅದುರುವುದರ ಬಗ್ಗೆ ಹುಡುಕಿದೆ. ಬೆಳಗಿನ ಜಾವದ ಹೊತ್ತಿಗೆ ನನ್ನ ಸಾವಿನ ಅಂದಾಜು ವರ್ಷವನ್ನೂ ಲೆಕ್ಕ ಹಾಕಿಯಾಗಿತ್ತು.

ಮುಂದಿನ ನಾಲ್ಕು ತಿಂಗಳು ನಾನು ನನ್ನ ದೇಹದ ಓದುಗನಾಗಿದ್ದೆ. ಅದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಬೆಳಿಗ್ಗೆ ಎದ್ದೊಡನೆ ಹಿಮ್ಮಡಿಯ ಮೇಲೆ ನಡೆದು ನೋಡುವುದು, ತುದಿಗಾಲಿನ ಮೇಲೆ ನಿಲ್ಲುವುದು, ಅಂಗಿಯ ಗುಂಡಿಯನ್ನು ಒಂದೇ ಕೈಯಲ್ಲಿ ಹಾಕಿಕೊಳ್ಳುವುದು, ಕನ್ನಡಿಯ ಮುಂದೆ ನಾಲಿಗೆ ಚಾಚುವುದು. ಮೀನು ಮೀನಖಂಡದಿಂದ ತೊಡೆಗೆ ಹೋಯಿತು, ತೊಡೆಯಿಂದ ರಟ್ಟೆಗೆ, ಒಂದು ದಿನ ರೆಪ್ಪೆಗೆ ಬಂತು. ಎಲ್ಲವನ್ನೂ ಬರೆದಿಟ್ಟುಕೊಂಡೆ. ಕಾಲೇಜಿನಲ್ಲಿ ಕಾವ್ಯ ಪಾಠ ಮಾಡುವವನಿಗೆ ಸೂಕ್ಷ್ಮ ಓದು ಎನ್ನುವುದು ಕಸುಬು. ನಾನು ಆ ಕಸುಬನ್ನು ತಪ್ಪು ಪಠ್ಯದ ಮೇಲೆ ಪ್ರಯೋಗಿಸುತ್ತಿದ್ದೆ ಎಂದು ತಿಳಿಯಲು ಬಹಳ ದಿನ ಬೇಕಾಯಿತು. ಈ ಬರಹ ಆ ತಪ್ಪಿನ ಬಗ್ಗೆ.

ಅದುರುವ ಅಂಗವನ್ನು ಓದುವುದು ನಮಗೆ ಹೊಸದಲ್ಲ. ಪಂಚಾಂಗಗಳಲ್ಲಿ ಹಲ್ಲಿ ಬಿದ್ದ ಫಲದ ಜೊತೆಗೆ ಅಂಗ ಅದುರಿದ ಫಲವನ್ನೂ ಕೊಡುವುದುಂಟು. ಹೆಣ್ಣಿಗೆ ಎಡಭಾಗ ಶುಭ, ಗಂಡಿಗೆ ಬಲಭಾಗ ಶುಭ. ಸುಂದರಕಾಂಡದಲ್ಲಿ ಅಶೋಕವನದ ಸೀತೆ ಪ್ರಾಣ ಬಿಡುವ ಯೋಚನೆಯಲ್ಲಿದ್ದಾಗ ಅವಳ ಎಡಗಣ್ಣು, ಎಡತೋಳು, ಎಡತೊಡೆ ಅದುರುತ್ತವೆ. ಹನುಮಂತ ಆ ಹೊತ್ತಿಗೆ ಅದೇ ಮರದ ಮೇಲಿದ್ದಾನೆ. ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತ ಕಣ್ವಾಶ್ರಮಕ್ಕೆ ಕಾಲಿಡುವಾಗ ಅವನ ತೋಳು ಅದುರುತ್ತದೆ. ಶಾಂತವಾದ ಆಶ್ರಮದಲ್ಲಿ ಇದಕ್ಕೆ ಫಲವೆಲ್ಲಿಂದ ಎಂದು ಅವನಿಗೇ ಅಚ್ಚರಿ. ಐದನೆಯ ಅಂಕದಲ್ಲಿ ಶಕುಂತಲೆ ಅದೇ ರಾಜನ ಎದುರಿಗೆ ಬರುವಾಗ ಅವಳ ಬಲಗಣ್ಣು ಅದುರುತ್ತದೆ, ರಾಜ ಅವಳನ್ನು ಗುರುತಿಸುವುದಿಲ್ಲ. ಏಳನೆಯ ಅಂಕದಲ್ಲಿ ಮತ್ತೆ ರಾಜನ ತೋಳು ಅದುರುತ್ತದೆ, ಮಗ ಸಿಗುತ್ತಾನೆ, ಹೆಂಡತಿ ಸಿಗುತ್ತಾಳೆ. ಈ ನಾಟಕವನ್ನು 19ನೇ ಶತಮಾನದಲ್ಲೇ ಚುರಮುರಿ ಶೇಷಗಿರಿರಾಯರು, ಬಸವಪ್ಪಶಾಸ್ತ್ರಿಗಳು ಕನ್ನಡಕ್ಕೆ ತಂದರು. ಅದುರುವ ತೋಳು ಕೂಡ ಅದರ ಜೊತೆಗೇ ಬಂತು.

ತರಗತಿಯಲ್ಲಿ ಇದನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಮೊದಲ ಅಂಕದ ಅದುರಿಕೆಗೂ ಏಳನೆಯ ಅಂಕದ ಅದುರಿಕೆಗೂ ಇರುವ ನಂಟನ್ನು ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದ್ದೇನೆ. ತೋರಿಸದೆ ಬಿಟ್ಟದ್ದು ಒಂದೇ. ಈ ಕಾವ್ಯಗಳಲ್ಲಿ ಸುಮ್ಮನೆ ಅದುರಿದ ಅಂಗ ಒಂದೂ ಇಲ್ಲ. ದುಷ್ಯಂತ ಅಷ್ಟು ವರ್ಷ ರಾಜ್ಯವಾಳಿದ. ಬೇಟೆಯಾಡಿ ದಣಿದ ದಿನ, ನಿದ್ದೆಗೆಟ್ಟ ರಾತ್ರಿಗಳಲ್ಲಿ ಅವನ ತೋಳು ಎಷ್ಟು ಸಲ ಅದುರಿರಬೇಕು! ಕಾಳಿದಾಸ ಆ ಲೆಕ್ಕ ಇಡಲಿಲ್ಲ, ಇಡಬೇಕಾಗಿಯೂ ಇರಲಿಲ್ಲ. ಫಲ ಕೊಟ್ಟ ಅದುರಿಕೆಗೆ ಮಾತ್ರ ಕಾವ್ಯದಲ್ಲಿ ಜಾಗ. ಒಳ್ಳೆಯ ಕಾವ್ಯದಲ್ಲಿ ಅನಗತ್ಯವಾದದ್ದು ಇರಬಾರದು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಗೋಡೆಯ ಮೇಲೆ ಬಂದೂಕು ತೂಗುಹಾಕಿದರೆ ಅದು ಮುಂದೆ ಸಿಡಿಯಲೇಬೇಕು ಎಂಬ ಚೆಕಾಫನ ಮಾತನ್ನೂ ಹೇಳಿಕೊಡುತ್ತೇವೆ. ಆ ಪಾಠ ಕೃತಿಗೆ ಸರಿ. ಮೈಗೆ ಅನ್ವಯಿಸಿದರೆ ಅದು ಕಾಯಿಲೆಯಾಗುತ್ತದೆ. ಏಕೆಂದರೆ ಮೈಗೆ ಕವಿಯಿಲ್ಲ. ಅದರಲ್ಲಿ ಅರ್ಥವಿರುವ ಅಕ್ಷರಗಳ ನಡುವೆ ಅರ್ಥವೇ ಇಲ್ಲದ ಅಕ್ಷರಗಳು ಬೇಕಾದಷ್ಟಿವೆ.

ವೈದ್ಯರು ಹೇಳುವುದು ಇದನ್ನೇ. ಬೆನ್ನುಹುರಿಯಿಂದ ಹೊರಡುವ ಒಂದೊಂದು ಚಾಲಕ ನರಕೋಶವೂ ಸ್ನಾಯುವಿನ ಹತ್ತಾರು, ನೂರಾರು ಎಳೆಗಳನ್ನು ಆಳುತ್ತದೆ. ಆ ನರ ಯಾರೂ ಹೇಳದೆ ತಾನಾಗಿ ಒಮ್ಮೆ ಮಿಡಿದರೆ ಅದರ ಕೈಕೆಳಗಿನ ಎಳೆಗಳೆಲ್ಲ ಒಟ್ಟಿಗೆ ಎಳೆದುಕೊಳ್ಳುತ್ತವೆ. ಹೊರಗೆ ಕಾಣುವ ಮೀನು ಇದೇ. ದಣಿವು, ನಿದ್ದೆಗೇಡು, ಹೆಚ್ಚು ಚಹಾ ಕಾಫಿ, ಕೆಲವು ಔಷಧಿ, ರಕ್ತದಲ್ಲಿ ಲವಣಗಳ ಏರುಪೇರು, ಎಲ್ಲಕ್ಕಿಂತ ಹೆಚ್ಚಾಗಿ ಆತಂಕ, ಇವು ಸಾಕು ಅದು ಮಿಡಿಯಲು. 1963ರಲ್ಲಿ ಅಮೆರಿಕದಲ್ಲಿ 500ಕ್ಕೂ ಹೆಚ್ಚು ಆರೋಗ್ಯವಂತ ವೈದ್ಯಕೀಯ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳನ್ನು ಕೇಳಿದಾಗ ಸುಮಾರು 70% ಜನ ತಮಗೆ ಹೀಗೆ ಅದುರಿದ್ದುಂಟು ಎಂದರು. 1993ರಲ್ಲಿ ಮೇಯೊ ಕ್ಲಿನಿಕ್‌ನ ವೈದ್ಯರು ಬರಿಯ ಅದುರಿಕೆಯಿದ್ದ 121 ಜನರನ್ನು ಹಲವು ವರ್ಷಗಳ ನಂತರ ವಿಚಾರಿಸಿದ ವರದಿ ಪ್ರಕಟಿಸಿದರು. ಅವರಲ್ಲಿ ಒಬ್ಬರಿಗೂ ಮೋಟಾರ್ ನ್ಯೂರಾನ್ ಕಾಯಿಲೆ ಬಂದಿರಲಿಲ್ಲ. ಈ ಭಯ ಸ್ವತಃ ವೈದ್ಯರನ್ನೇ ಹೆಚ್ಚಾಗಿ ಕಾಡುತ್ತದೆ ಎಂಬುದನ್ನು 2013ರಲ್ಲಿ ಆಸ್ಟ್ರೇಲಿಯಾದ ಇಬ್ಬರು ನರವೈದ್ಯರು ಬರೆದರು, ಅದಕ್ಕೊಂದು ಹೆಸರನ್ನೂ ಕೊಟ್ಟರು. ಇದರಲ್ಲಿ ಆಶ್ಚರ್ಯವಿಲ್ಲ. ಯಾರ ಬಳಿ ಫಲದ ಪಟ್ಟಿ ಇದೆಯೋ ಅವರಿಗೇ ಅಲ್ಲವೇ ಹೆದರಿಕೆ. ಜೆರೋಮ್ ಕೆ. ಜೆರೋಮ್ 1889ರ ತನ್ನ ದೋಣಿಯಾನದ ಕಾದಂಬರಿಯ ಮೊದಲ ಪುಟಗಳಲ್ಲೇ ವೈದ್ಯಕೀಯ ಪುಸ್ತಕ ತೆರೆದು ಒಂದನ್ನು ಬಿಟ್ಟು ಎಲ್ಲ ರೋಗಗಳನ್ನೂ ತನ್ನಲ್ಲಿ ಕಂಡುಕೊಂಡವನ ಚಿತ್ರ ಕೊಟ್ಟಿದ್ದಾನೆ. ಆ ಒಂದು ಯಾಕೆ ಬರಲಿಲ್ಲ ಎಂದು ಅವನಿಗೆ ಬೇಸರವೂ ಆಗುತ್ತದೆ.

ಹಾಗಾದರೆ ನಿಜವಾದ ಕಾಯಿಲೆ ಹೇಗಿರುತ್ತದೆ? ಪ್ಯಾರಿಸಿನ ಶಾರ್ಕೋ ಅದನ್ನು ವಿವರಿಸಲು ತೊಡಗಿದ್ದು 1869ರಲ್ಲಿ. ನಮ್ಮೂರ ದೇವರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ಹಾವನೂರಿನ ವೆಂಕಟೇಶ ತಿರಕೋ ಕುಲಕರ್ಣಿಯವರು, ಅಂದರೆ ಗಳಗನಾಥರು, ಹುಟ್ಟಿದ್ದೂ 1869ರಲ್ಲಿ. ಇದು ಕಾಕತಾಳೀಯ, ಇದರಲ್ಲಿ ಅರ್ಥ ಹುಡುಕಬಾರದು. ಆದರೂ ನಾಲ್ಕು ತಿಂಗಳ ಹಿಂದಿನ ನಾನಾಗಿದ್ದರೆ ಹುಡುಕಿಯೇ ಬಿಡುತ್ತಿದ್ದೆ, ಅದಕ್ಕೆ ಹೇಳಿದೆ. ಶಾರ್ಕೋ ಕಂಡ ಕಾಯಿಲೆಯಲ್ಲಿ ಚಾಲಕ ನರಕೋಶಗಳು ಸಾಯುತ್ತಾ ಹೋಗುತ್ತವೆ. ಉಳಿದ ನರಗಳು ಅನಾಥವಾದ ಎಳೆಗಳನ್ನು ತಮ್ಮದಾಗಿಸಿಕೊಳ್ಳಲು ಹೊಸ ಕವಲು ಒಡೆಯುತ್ತವೆ. ಅಲ್ಲಿಯೂ ಸ್ನಾಯು ಅದುರುತ್ತದೆ. ಆದರೆ ಅದುರಿಕೆಯ ಜೊತೆಗೆ ಬಲ ಕುಂದುತ್ತದೆ, ಮಾಂಸ ಬತ್ತುತ್ತದೆ, ಮಾತು ತೊದಲಬಹುದು, ನುಂಗುವುದು ಕಷ್ಟವಾಗಬಹುದು. ಯುರೋಪಿನ ಲೆಕ್ಕಗಳಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಎರಡೋ ಮೂರೋ ಹೊಸ ರೋಗಿಗಳು. ಅವರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜನರ ಮನೆತನದಲ್ಲಿ ಇನ್ನೊಬ್ಬರಿಗೆ ಈ ಕಾಯಿಲೆ ಇರುವುದಿಲ್ಲ.

ನನ್ನ ಮಾವನ ವಿಷಯ ಈಗ ಹೇಳಬೇಕು. ಅವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಒಂದು ಸುಗ್ಗಿಯಲ್ಲಿ ಅಂಗಡಿಯ ಕೀಲಿ ತಿರುಗುವುದಿಲ್ಲ ಎಂದು ಹೇಳತೊಡಗಿದರು. "ಕೀಲಿಗೆ ತುಕ್ಕು ಹಿಡದೈತಿ" ಎಂದು ಎಣ್ಣೆ ಬಿಟ್ಟರು. ಆಮೇಲೆ ಹೊಸ ಕೀಲಿ ತಂದರು, ಅದೂ ತಿರುಗಲಿಲ್ಲ. ಅಂಗಡಿಯ ಹುಡುಗ ಮಾತ್ರ ಎರಡನ್ನೂ ಸರಾಗವಾಗಿ ತೆಗೆಯುತ್ತಿದ್ದ. ಲೆಕ್ಕದ ಪುಸ್ತಕದಲ್ಲಿ ಅವರ ಮುತ್ತಿನಂಥ ಅಕ್ಷರ ತಿಂಗಳಿಂದ ತಿಂಗಳಿಗೆ ದೊಡ್ಡದಾಗಿ, ವಾರೆಯಾಗಿ ಹೋಯಿತು. ಹೆಬ್ಬೆರಳು, ತೋರುಬೆರಳಿನ ನಡುವಿನ ಮಾಂಸ ಇಳಿದು ಅಲ್ಲೊಂದು ಕುಳಿ ಬಿತ್ತು. ಅವರ ರಟ್ಟೆಯೂ ಅದುರುತ್ತಿತ್ತು. ಅದನ್ನು ನಮಗೆ ತೋರಿಸಿ ನಗುತ್ತಿದ್ದರು: "ನೋಡೋ ತಮ್ಮಾ, ಹೊಳ್ಯಾನ ಮೀನು ತೋಳಾಗ ಬಂದೈತಿ." ಅದನ್ನು ಅವರು ಯಾವತ್ತೂ ಓದಲಿಲ್ಲ. ಮೂರು ವರ್ಷದಲ್ಲಿ ತೀರಿಕೊಂಡರು.

ಕಾಯಿಲೆ ಇದ್ದವರು ಅದುರಿಕೆಗೆ ನಕ್ಕರು. ಇಲ್ಲದವನು ರಾತ್ರಿಯಿಡೀ ಎದ್ದು ಕೂತ. ನನ್ನ ಓದಿನ ತಪ್ಪು ಎಲ್ಲಿದೆ ಎಂದು ಹೊಳೆದದ್ದು ಮಾವನ ಆ ಲೆಕ್ಕದ ಪುಸ್ತಕ ನೆನಪಾದಾಗ. ಕಾಯಿಲೆಯ ಬರಹ ಅಲ್ಲಿತ್ತು, ಬತ್ತುತ್ತಿದ್ದ ಅಕ್ಷರಗಳಲ್ಲಿ, ತಿರುಗದ ಕೀಲಿಯಲ್ಲಿ. ಅದುರಿಕೆ ಒಂದು ಬಿಡಿ ಅಕ್ಷರ. ಅಕ್ಷರವೊಂದನ್ನೇ ಹಿಡಿದು ಇಡೀ ವಾಕ್ಯವನ್ನು ಊಹಿಸುವವನು ಸೂಕ್ಷ್ಮ ಓದುಗನಲ್ಲ, ಅವಸರದ ಓದುಗ.

ನಮ್ಮ ಕಥನ ಸಾಹಿತ್ಯ ಈ ಅವಸರಕ್ಕೆ ಮದ್ದು ಕೊಡುತ್ತದೆಯೇ? ನಾನು ಆ ತಿಂಗಳುಗಳಲ್ಲಿ ಎರಡು ಪುಸ್ತಕಗಳನ್ನು ಮತ್ತೆ ಓದಿದೆ. ಒಂದು ಯಶವಂತ ಚಿತ್ತಾಲರ 'ಶಿಕಾರಿ' (1979). ಮುಂಬಯಿಯ ದೊಡ್ಡ ಕಂಪನಿಯ ಅಧಿಕಾರಿ ನಾಗಪ್ಪನ ಮೇಲೆ ಆರೋಪ ಬರುತ್ತದೆ. ಏನು ಆರೋಪ ಎಂಬುದು ಅವನಿಗೆ ತಿಳಿಯದು. ತಿಳಿಯದ್ದರಿಂದಲೇ ಪ್ರತಿ ಮಾತು, ಪ್ರತಿ ನೋಟ ಅವನಿಗೆ ಸುಳಿವಾಗುತ್ತದೆ. ಕನ್ನಡದಲ್ಲಿ ಭಯವನ್ನು ಇಷ್ಟು ಒಳಗಿನಿಂದ ಬರೆದ ಇನ್ನೊಂದು ಕಾದಂಬರಿ ನನಗೆ ಗೊತ್ತಿಲ್ಲ. ಅದರ ಬಲವಿರುವುದು ನಾಗಪ್ಪನ ಭಯ ಬರಿಯ ಭ್ರಮೆಯಲ್ಲ ಎಂಬಲ್ಲಿ. ಬೇಟೆಗಾರರು ನಿಜಕ್ಕೂ ಇದ್ದಾರೆ. ಆದರೆ ನನ್ನಂಥ ಓದುಗನಿಗೆ ಆ ಬಲವೇ ಅಪಾಯ. ಸುಳಿವುಗಳನ್ನೆಲ್ಲ ಕೂಡಿಸಿದರೆ ಕೊನೆಗೊಂದು ಸಂಚು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯನ್ನು ಅದು ಗಟ್ಟಿ ಮಾಡುತ್ತದೆ. ಕಾದಂಬರಿಯೊಳಗೆ ಸಂಚು ಹೂಡಲು ಕಾದಂಬರಿಕಾರ ಇರುತ್ತಾನೆ. ನನ್ನ ಮೀನಖಂಡದ ಹಿಂದೆ ಯಾರೂ ಇರಲಿಲ್ಲ.

ಇನ್ನೊಂದು ಟಾಲ್‌ಸ್ಟಾಯ್‌ನ 'ಇವಾನ್ ಇಲ್ಯಿಚ್‌ನ ಸಾವು' (1886). ಮನೆಯ ಪರದೆ ಹೇಗೆ ಹಾಕಬೇಕೆಂದು ತೋರಿಸಲು ಏಣಿ ಹತ್ತಿದವನು ಜಾರಿ ಪಕ್ಕೆಗೆ ಪೆಟ್ಟು ಮಾಡಿಕೊಳ್ಳುತ್ತಾನೆ. ಅಲ್ಲಿಂದ ಸಾವಿನ ತನಕ ಕಥೆ. ಡಾಕ್ಟರು ಮೂತ್ರಪಿಂಡವೋ ಕರುಳೋ ಎಂದು ಚರ್ಚಿಸುತ್ತಿದ್ದರೆ ಇವಾನನಿಗೆ ಬೇಕಾದದ್ದು ಒಂದೇ ಉತ್ತರ: ಇದು ಅಪಾಯವೋ ಅಲ್ಲವೋ? ಈ ಪ್ರಶ್ನೆಯನ್ನು ಇದಕ್ಕಿಂತ ನಿಜವಾಗಿ ಯಾರೂ ಬರೆದಿಲ್ಲ. ಆದರೆ ಇಲ್ಲಿಯೂ ಸಣ್ಣ ಪೆಟ್ಟು ಸುಮ್ಮನೆ ವಾಸಿಯಾಗುವುದಿಲ್ಲ. ಪಕ್ಕೆಗೆ ಪೆಟ್ಟು ಬಿದ್ದು, ಎಂಟು ದಿನ ನೊಂದು, ಮರೆತುಹೋದ ಕೋಟ್ಯಂತರ ಜನರ ಕಥೆ ಟಾಲ್‌ಸ್ಟಾಯ್‌ಗೆ ಬೇಕಿರಲಿಲ್ಲ. ಏನೂ ಆಗದವರ ಬಗ್ಗೆ ಮಹಾಕೃತಿ ಹುಟ್ಟುವುದಿಲ್ಲ. ಹಾಗಾಗಿ ಸಾಹಿತ್ಯ ಮಾತ್ರ ಓದಿಕೊಂಡವನ ತಲೆಯಲ್ಲಿ ಪ್ರತಿ ಪೆಟ್ಟೂ ಸಾವಿನ ಮೊದಲ ಪುಟವಾಗಿರುತ್ತದೆ. ಇದು ಆ ಕೃತಿಗಳ ದೋಷವಲ್ಲ. ಅವುಗಳಿಂದ ನಾವು ಕಲಿತದ್ದರ ಮಿತಿ.

ಈ ಜಾಗವನ್ನು ಕನ್ನಡದಲ್ಲಿ ತುಂಬಬೇಕಾಗಿದ್ದು ಆರೋಗ್ಯ ಸಾಹಿತ್ಯ. ನಮ್ಮಲ್ಲಿ ಅದಕ್ಕೆ ಒಳ್ಳೆಯ ಪರಂಪರೆಯೇ ಇದೆ. ವೈದ್ಯರಾಗಿದ್ದು 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಆರಂಭಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅನುಪಮಾ ನಿರಂಜನ, ಸಿ. ಆರ್. ಚಂದ್ರಶೇಖರ್ ಅವರಂಥ ವೈದ್ಯ ಲೇಖಕರನ್ನು ಓದಿ ಬೆಳೆದ ಮನೆಗಳು ಲೆಕ್ಕವಿಲ್ಲದಷ್ಟು. ಆದರೆ ಈಗ ನಮ್ಮ ಕಣ್ಣಿಗೆ ಬೀಳುವ ಆರೋಗ್ಯ ಬರಹದಲ್ಲಿ ಬಹುಪಾಲು ಪಂಚಾಂಗದ ಹೊಸ ಮುದ್ರಣ. ಈ ಲಕ್ಷಣ ಇದ್ದರೆ ಈ ಕಾಯಿಲೆ, ನಿರ್ಲಕ್ಷಿಸಬೇಡಿ. ಎಡಕ್ಕೊಂದು ಫಲ, ಬಲಕ್ಕೊಂದು ಫಲ. ಹಳೆಯ ಪಂಚಾಂಗದಲ್ಲಾದರೂ ಅರ್ಧಕ್ಕರ್ಧ ಶುಭಫಲ ಇರುತ್ತಿತ್ತು, ಹೊಸದರಲ್ಲಿ ಅದೂ ಇಲ್ಲ. ಆ ಬರಹಗಳು ಸುಳ್ಳು ಹೇಳುತ್ತವೆ ಎಂದಲ್ಲ. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಸ್ನಾಯು ಅದುರುತ್ತದೆ ಎಂಬುದು ನಿಜ. ಸ್ನಾಯು ಅದುರಿದವರಲ್ಲಿ ಎಷ್ಟು ಜನರಿಗೆ ಆ ಕಾಯಿಲೆ ಎಂಬ ಹಿಮ್ಮುಖದ ಪ್ರಶ್ನೆಯನ್ನು ಅವು ಕೇಳುವುದೇ ಇಲ್ಲ. ಇಡೀ ಭಯ ಇರುವುದು ಈ ಎರಡು ಪ್ರಶ್ನೆಗಳ ನಡುವಿನ ಸಂದಿಯಲ್ಲಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರೀದೇವಿ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಕೆಲಸವನ್ನು ನಾನು ವಿಮರ್ಶೆಯ ವಿದ್ಯಾರ್ಥಿಗಳಿಗೆ ಮಾದರಿಯಾಗಿ ಹೇಳಬಯಸುತ್ತೇನೆ. ಹೆಚ್ಚಾಗಿ ಯುವಕರಲ್ಲಿ ಒಂದೇ ಕೈ ಅಥವಾ ಒಂದೇ ಕಾಲಿನ ಮಾಂಸ ಬತ್ತುವುದನ್ನು ಅವರು ಗಮನಿಸಿದರು. ನೋಡಿದವರಿಗೆ ಇದು ಶಾರ್ಕೋನ ಕಾಯಿಲೆಯ ಮೊದಲ ಅಧ್ಯಾಯದಂತೆಯೇ ಕಾಣುತ್ತದೆ. ಅವರು ಕಾದು ನೋಡಿದರು. ಕೆಲವು ವರ್ಷ ಮುಂದುವರಿದು ಕಾಯಿಲೆ ಅಲ್ಲೇ ನಿಲ್ಲುತ್ತಿತ್ತು. ಅದಕ್ಕೆ ಬೇರೆಯೇ ಹೆಸರು ಕೊಟ್ಟರು. ಮಾಂಸ ನಿಜವಾಗಿಯೂ ಬತ್ತಿದಾಗಲೂ ಕಥೆಯ ಕೊನೆ ಒಂದೇ ಆಗಿರಬೇಕಾಗಿಲ್ಲ. ಇದು ತಿಳಿದದ್ದು ಕೊನೆಯ ಪುಟಕ್ಕೆ ಹಾರದೆ ಓದಿದವರಿಗೆ.

ನಾಲ್ಕನೆಯ ತಿಂಗಳು ನಾನೂ ಒಬ್ಬ ನರವೈದ್ಯರ ಎದುರು ಕೂತೆ. ನನ್ನ ಟಿಪ್ಪಣಿ ಪುಸ್ತಕವನ್ನು ಅವರು ತೆಗೆದು ನೋಡಲಿಲ್ಲ. "ಕೈ ಗಟ್ಟಿ ಹಿಡೀರಿ, ನಾ ಎಳಿತೀನಿ" ಅಂದರು. ತಳ್ಳಿಸಿದರು, ಎಳೆಸಿದರು, ಮೊಣಕಾಲಿಗೆ ಸುತ್ತಿಗೆಯಿಂದ ಬಡಿದರು, ಎರಡೂ ಮೀನಖಂಡಗಳ ಸುತ್ತಳತೆ ತೆಗೆದರು, ನಾಲಿಗೆ ನೋಡಿದರು. ಮಾವನ ವಿಷಯ ಕೇಳಿ, ಅಮ್ಮನ ಕಡೆ ಇನ್ನೂ ಯಾರಿಗಾದರೂ ಹೀಗಾಗಿತ್ತೇ ಎಂದು ವಿಚಾರಿಸಿದರು. ಯಾರಿಗೂ ಆಗಿರಲಿಲ್ಲ. ಸ್ನಾಯುವಿಗೆ ಸೂಜಿ ಇಟ್ಟು ಮಾಡುವ ಪರೀಕ್ಷೆಯನ್ನೂ ಮಾಡಿಸಿದರು. ಕೊನೆಗೆ ಹೇಳಿದ್ದು ಇಷ್ಟು: "ನಿಮ್ಮ ಬಲ ಪೂರ್ತಿ ಐತಿ. ಅದುರೋದು ಇರತೈತಿ, ಹೋಗತೈತಿ. ಅದನ್ನ ಎಣಿಸೋದು ಬಿಡ್ರಿ. ಕೈಯಾಗಿನ ವಸ್ತು ಜಾರಾಕ ಹತ್ತಿದರ, ಕಾಲು ಎಡವಾಕ ಹತ್ತಿದರ, ಮಾತು ತೊದಲಿದರ ಮಾತ್ರ ಬರ್ರಿ." ಒಬ್ಬ ವಿಮರ್ಶಕನಿಗೆ ಇಷ್ಟು ಸರಿಯಾದ ಪಾಠವನ್ನು ನನ್ನ ಗುರುಗಳೂ ಹೇಳಿರಲಿಲ್ಲ. ಏನನ್ನು ಓದಬೇಕು ಎಂಬುದರ ಜೊತೆಗೆ ಏನನ್ನು ಓದದೆ ಬಿಡಬೇಕು ಎಂದೂ ಅವರು ಹೇಳಿದ್ದರು.

ಅದುರುವುದು ಅವತ್ತೇ ನಿಲ್ಲಲಿಲ್ಲ. ಹೆದರಿಕೆ ನರಗಳನ್ನು ಚುರುಕಾಗಿಸುತ್ತದೆ, ಚುರುಕಾದ ನರ ಮತ್ತೆ ಮಿಡಿಯುತ್ತದೆ, ಮಿಡಿದದ್ದು ಮತ್ತೆ ಹೆದರಿಸುತ್ತದೆ. ಆ ಗಾಣ ನಿಧಾನವಾಗಿ ನಿಲ್ಲಬೇಕು. ಈಗಲೂ ವಾರಕ್ಕೊಮ್ಮೆ ಮೀನು ಬರುತ್ತದೆ.

ಕಾಳಿದಾಸನ ಐದನೆಯ ಅಂಕವನ್ನು ಈ ವರ್ಷ ಬೇರೆ ರೀತಿ ಪಾಠ ಮಾಡಿದೆ. ಶಕುಂತಲೆ ಬಲಗಣ್ಣು ಅದುರಿತು ಎಂದಾಗ ಪಕ್ಕದಲ್ಲಿದ್ದ ಗೌತಮಿ ಅದರ ಫಲ ಹೇಳುವುದಿಲ್ಲ. ಕೆಡುಕು ದೂರವಾಗಲಿ, ನಿನಗೆ ಒಳ್ಳೆಯದಾಗಲಿ ಎಂದು ಹರಸುತ್ತಾಳೆ. ಅವಳ ಮಾತು ನಿಜವಾಗುವುದಿಲ್ಲ. ಆದರೂ ಆ ಕ್ಷಣದಲ್ಲಿ ಶಕುಂತಲೆಯ ಮಾತನ್ನು ಕೇಳಿಸಿಕೊಂಡವಳು ಅವಳೊಬ್ಬಳೇ. ಇವಾನ್ ಇಲ್ಯಿಚ್‌ನ ಕಾಲುಗಳನ್ನು ರಾತ್ರಿಯಿಡೀ ಹೆಗಲ ಮೇಲೆ ಎತ್ತಿ ಹಿಡಿಯುವ ಆಳು ಗೆರಾಸಿಮ್ ಕೂಡ ರೋಗವನ್ನು ಓದುವವನಲ್ಲ. ಚಿಕ್ಕವನಿದ್ದಾಗ ರೆಪ್ಪೆ ಅದುರುತ್ತದೆ ಎಂದು ಹೇಳಿದರೆ ನಮ್ಮ ಅಜ್ಜಿ ಸಣ್ಣ ಹುಲ್ಲುಕಡ್ಡಿಯನ್ನು ನೀರಿಗೆ ಅದ್ದಿ ರೆಪ್ಪೆಗೆ ಅಂಟಿಸುತ್ತಿದ್ದಳು. "ನಿಂತಿತೇನಪಾ?" ಎಂದು ಕೇಳುತ್ತಿದ್ದಳು. ನಿಲ್ಲುವವರೆಗೆ ಪಕ್ಕದಲ್ಲೇ ಕೂತಿರುತ್ತಿದ್ದಳು. ಎಡವೋ ಬಲವೋ ಎಂದು ಅವಳು ಕೇಳಿದ ನೆನಪಿಲ್ಲ.

ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಎಂದು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ಕನ್ನಡಿಗರಿಗೆ ಕಾದಂಬರಿ ಓದುವ ರೂಢಿ ಹಿಡಿಸಿದವರಲ್ಲಿ ಅವರು ಮೊದಲಿಗರು. ಕಾದಂಬರಿ ಓದುವುದೆಂದರೆ ಮುಂದೇನು ಎಂದು ಗೊತ್ತಿಲ್ಲದೆಯೂ ಇವತ್ತಿನ ಪುಟವನ್ನು ಇವತ್ತು ಓದಿ, ದೀಪ ಆರಿಸಿ ಮಲಗುವುದು. ಶಕುನದ ಓದಿಗೂ ಹುಡುಕಾಟದ ಓದಿಗೂ ಈ ತಾಳ್ಮೆ ಇಲ್ಲ. ನನಗೂ ಇರಲಿಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ ಬ್ಯಾಡಗಿಯಲ್ಲಿ ಇಳಿದು ಅತ್ತೆಯನ್ನು ನೋಡಿ ಬಂದೆ. ಮಾವನ ಅಂಗಡಿಯ ಹಳೆಯ ಕೀಲಿ ಇನ್ನೂ ಮನೆಯಲ್ಲಿದೆ. ಅತ್ತೆ ಅದನ್ನು ಜೋಳದ ಕಣಜದ ಕೋಣೆಗೆ ಹಾಕಿದ್ದಾಳೆ. ಕೇಳಿ ತೆಗೆದು ನೋಡಿದೆ. ಸರಾಗವಾಗಿ ತಿರುಗಿತು.